ಅಡಿಟಿಪ್ಪಣಿಗೆ ಕಾರ್ಡಿನ ಪೆಟ್ಟಿಗೆ: ನನ್ನ ಅನುಭವ

ಬಾರಕೂರಿನ ಶಾಸನಗಳನ್ನು ಕುರಿತ ನನ್ನ ಲೇಖನ ಕಳೆದ ವರ್ಷ ಪರಿಶೀಲಕರಿಂದ ಹಿಂತಿರುಗಿದಾಗ, ಅದರ ಸುಮಾರು 180 ಅಡಿಟಿಪ್ಪಣಿಗಳಲ್ಲಿ ಅವರು ತಿದ್ದಿದ್ದು ಎರಡನ್ನು ಮಾತ್ರ, ಅವುಗಳಲ್ಲೂ ಒಂದು ಅಲ್ಪವಿರಾಮ. ಉಡುಪಿಯಲ್ಲಿ ಪಾಠ ಹೇಳುತ್ತಾ ಬಿಡುವಿನಲ್ಲಿ ಸಂಶೋಧನೆ ಮಾಡುವ ನನಗೆ ಇದು ಸಣ್ಣ ಸಂತೋಷವಲ್ಲ. ಆರೇಳು ವರ್ಷಗಳ ಹಿಂದೆ, ಒಂದೊಂದು ಆಕರದ ವಿವರವನ್ನೂ ಒಂದೊಂದು ಕಾರ್ಡಿನಲ್ಲಿ ಬರೆದಿಡಲು ನಾನು ಕಾರ್ಡಿನ ಪೆಟ್ಟಿಗೆ ತಂದಿಟ್ಟಾಗ, "ಸಾಫ್ಟ್‌ವೇರ್ ಇರುವಾಗ ಇದೆಲ್ಲ ಯಾಕೆ ಮಾರಾಯ್ರೆ?" ಎಂದು ಕೇಳಿದ ಹಿರಿಯ ಸಹೋದ್ಯೋಗಿಯೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಈ ದಾರಿ ಹಿಡಿದದ್ದು ಮೂರು ಸೋಲುಗಳ ನಂತರ. ಮೊದಲನೆಯದು, ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನದ್ದು. ಆತ 1800–01ರಲ್ಲಿ ಕೈಗೊಂಡ ಪ್ರಯಾಣದ ವರದಿ 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಲ್ಲಿ ಬಂತು, 1870ರಲ್ಲಿ ಮದರಾಸಿನಿಂದ ಎರಡೇ ಸಂಪುಟಗಳಲ್ಲಿ ಮರುಮುದ್ರಣವಾಯಿತು. ನಾನು ಓದಿದ್ದು ಮದರಾಸಿನ ಮುದ್ರಣ, ಅಡಿಟಿಪ್ಪಣಿಯಲ್ಲಿ ಬರೆದದ್ದು 1807 ಎಂದು. ನನ್ನ ಉಲ್ಲೇಖವನ್ನು ನಂಬಿ ಲಂಡನ್ ಮುದ್ರಣದ ಆ ಪುಟವನ್ನು ತೆರೆದವರಿಗೆ ಸಿಗುತ್ತಿದ್ದದ್ದು ಬೇರೆಯೇ ಊರಿನ ವಿವರ. ಸುಮಾರು 40 ಟಿಪ್ಪಣಿಗಳನ್ನು ಒಂದೊಂದಾಗಿ ಮತ್ತೆ ನೋಡಬೇಕಾಯಿತು, ಬೇಸಿಗೆ ರಜೆ ಅದಕ್ಕೇ ಹೋಯಿತು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ನಮ್ಮ ಕರಾವಳಿಯ ಶಾಸನಗಳಲ್ಲಿ ಬಹಳಷ್ಟು, ಶಾಸನಪಾಠಗಳನ್ನು ಅಚ್ಚು ಮಾಡಿದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳನೆಯ ಸಂಪುಟದಲ್ಲಿವೆ. ಅದೇ ಶಾಸನಗಳು ಅದಕ್ಕೂ ಮೊದಲು ಶಾಸನ ಇಲಾಖೆಯ ವಾರ್ಷಿಕ ವರದಿಯಲ್ಲಿ, 1901ರ ಇಂತಿಷ್ಟನೆಯ ಸಂಖ್ಯೆ ಎಂದು ದಾಖಲಾದವು. ಹಳೆಯ ಲೇಖನವೊಂದರಿಂದ ವರದಿಯ ಸಂಖ್ಯೆಯನ್ನೂ ಸಂಪುಟದಿಂದ ಅದರ ಸಂಖ್ಯೆಯನ್ನೂ ಎತ್ತಿಕೊಂಡು, ಒಂದೇ ದಾನಶಾಸನವನ್ನು ಎರಡೆಂದು ಎಣಿಸಿ, ವಿಚಾರ ಸಂಕಿರಣವೊಂದರಲ್ಲಿ ಎರಡು ದಾನಗಳ ಬಗ್ಗೆ ಮಾತನಾಡಿಬಿಟ್ಟೆ. ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, "ಅದು ಒಂದೇ ಕಲ್ಲು" ಎಂದರು. ಅಂದಿನಿಂದ ನನ್ನ ಶಾಸನದ ಕಾರ್ಡುಗಳಲ್ಲಿ ಎರಡು ಸಂಖ್ಯೆಗಳೂ ಒಂದೇ ಸಾಲಿನಲ್ಲಿರುತ್ತವೆ.

ಮೂರನೆಯದು ದುಡ್ಡಿನದು. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ ಹಳೆಯ ಕಂದಾಯ ಕಡತಗಳಿಗಾಗಿ ಚೆನ್ನೈಯ ಎಗ್ಮೋರಿನ ಪತ್ರಾಗಾರಕ್ಕೇ ಹೋಗಬೇಕು. ಮೊದಲ ಸಲ ಹೋದಾಗ ಪತ್ರದ ಒಕ್ಕಣೆಯನ್ನು ಪೂರ್ತಿ ಬರೆದುಕೊಂಡೆ, ಸಂಪುಟ ಸಂಖ್ಯೆಯನ್ನೂ ತಾರೀಕನ್ನೂ ಬರೆದುಕೊಳ್ಳಲಿಲ್ಲ. ಆ ಎರಡು ಅಂಕಿಗಳಿಗಾಗಿ ಮಂಗಳೂರಿನಿಂದ ಮತ್ತೊಮ್ಮೆ ರೈಲು ಹತ್ತಿದೆ. ಪ್ರಯಾಣ, ವಸತಿ, ಊಟ ಸೇರಿ 7,000 ರೂಪಾಯಿ ಆಗಿರಬೇಕು. ಕಾರ್ಡುಗಳಿಗೂ ಪೆಟ್ಟಿಗೆಗೂ ಇದುವರೆಗೆ ಅದರ ಕಾಲುಭಾಗವೂ ಖರ್ಚಾಗಿಲ್ಲ.

ಈಗಿನ ಕ್ರಮ ಹೀಗಿದೆ. ಆಕರ ಕೈಗೆ ಬಂದ ಕೂಡಲೇ, ಒಂದು ಸಾಲು ಓದುವ ಮೊದಲೇ, ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ನೋಡಿ ಕಾರ್ಡು ಬರೆದು ಅದಕ್ಕೊಂದು ಸಂಖ್ಯೆ ಕೊಡುತ್ತೇನೆ. ನಾನು ಓದಿದ ಪ್ರತಿ ಯಾವ ಗ್ರಂಥಾಲಯದ್ದು ಎಂಬುದೂ ಅದರಲ್ಲೇ ಇರುತ್ತದೆ. ಕರಡಿನಲ್ಲಿ ಅಡಿಟಿಪ್ಪಣಿಯನ್ನೇ ಹಾಕುವುದಿಲ್ಲ. ವಾಕ್ಯದ ಕೊನೆಗೆ ಚೌಕ ಕಂಸದಲ್ಲಿ 47/112 ಎಂದಷ್ಟೇ ಬರೆಯುತ್ತೇನೆ, ಎಂದರೆ ನಲವತ್ತೇಳನೆಯ ಕಾರ್ಡಿನ ಪುಸ್ತಕದ 112ನೆಯ ಪುಟ. ಪ್ಯಾರಾಗಳು ಎಷ್ಟು ಸಲ ಹಿಂದೆ ಮುಂದೆ ಆದರೂ ಈ ಅಂಕಿ ವಾಕ್ಯವನ್ನು ಬಿಟ್ಟು ಹೋಗುವುದಿಲ್ಲ. ಲೇಖನ ಮುಗಿದ ಮೇಲೆ ಎರಡು ದಿನ ಕುಳಿತು, ಪ್ರತಿ ಅಂಕಿಗೂ ಕಾರ್ಡು ಎತ್ತಿ ನೋಡಿ, ಮೊದಲ ಸಲ ಪೂರ್ಣ ವಿವರವನ್ನೂ ಆಮೇಲೆ ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ, ಪುಟವನ್ನಷ್ಟೇ ಹಾಕುತ್ತೇನೆ. "ಅದೇ", "ಪೂರ್ವೋಕ್ತ" ಎಂಬ ಮಾತುಗಳನ್ನು ಸಂಪೂರ್ಣ ಬಿಟ್ಟಿದ್ದೇನೆ, ಏಕೆಂದರೆ ನಡುವೆ ಹೊಸ ಟಿಪ್ಪಣಿಯೊಂದು ಸೇರಿದರೆ "ಅದೇ" ಎಂಬುದು ಬೇರೆ ಪುಸ್ತಕವನ್ನು ತೋರಿಸತೊಡಗುತ್ತದೆ. ಬರವಣಿಗೆ, ಉಲ್ಲೇಖಗಳ ನಿಯಮ ಹೇಳುವ ಷಿಕಾಗೋ ಕೈಪಿಡಿಯೂ 2017ರ ಹದಿನೇಳನೆಯ ಆವೃತ್ತಿಯಿಂದ ಚಿಕ್ಕ ಶೀರ್ಷಿಕೆಯನ್ನೇ ಮೆಚ್ಚಿದೆ. ನಾನು ಅದಕ್ಕೂ ಮೊದಲೇ ಬಿಟ್ಟಿದ್ದೆ.

ಕನ್ನಡದಲ್ಲಿ ಬರೆಯುವವರಿಗೆ "ಸಂ." ಎಂಬ ಸಂಕ್ಷೇಪದ ತೊಂದರೆ ಗೊತ್ತಿರುತ್ತದೆ. ಅದು ಸಂಪುಟವೂ ಹೌದು, ಸಂಪಾದಕರೂ ಹೌದು, ಸಂಖ್ಯೆಯೂ ಹೌದು. ಮೂರೂ ಒಂದೇ ಟಿಪ್ಪಣಿಯಲ್ಲಿ ಬಂದರೆ ಓದುಗರು ಊಹಿಸುತ್ತಾ ಕೂರಬೇಕು. ನಾನು ಸಂಪಾದಕರಿಗೆ ಮಾತ್ರ "ಸಂ." ಉಳಿಸಿಕೊಂಡು, ಉಳಿದೆರಡನ್ನೂ ಪೂರ್ತಿ ಪದವಾಗಿಯೇ ಬರೆಯುತ್ತೇನೆ. ಶಾಸನಕ್ಕೆ ಪುಟಕ್ಕಿಂತ ಶಾಸನ ಸಂಖ್ಯೆಯೇ ಮುಖ್ಯ. ತಾರೀಕನ್ನು ಶಕವರ್ಷ, ಸಂವತ್ಸರ, ಮಾಸ, ತಿಥಿ ಸಹಿತ ಕಲ್ಲಿನಲ್ಲಿರುವಂತೆಯೇ ಟಿಪ್ಪಣಿಯಲ್ಲಿಟ್ಟು, ಕ್ರಿಸ್ತಶಕವನ್ನು ಲೇಖನದ ಒಳಗೆ ಕೊಡುತ್ತೇನೆ. ಶಕವರ್ಷಕ್ಕೆ ಕಣ್ಣು ಮುಚ್ಚಿ 78 ಕೂಡಿಸಿದರೆ ಮಾಘ ಮಾಸದ ಶಾಸನದಲ್ಲಿ ಒಂದು ವರ್ಷ ತಪ್ಪುತ್ತದೆ. ಗತಶಕ (ಎಂದರೆ ಮುಗಿದ ವರ್ಷಗಳ ಎಣಿಕೆಯ ಶಕ) 1300ರ ಮಾಘ ಬೀಳುವುದು 1379ರ ಆರಂಭದಲ್ಲಿ.

ಆಕರಗಳ ವಿವರ ಜೋಡಿಸಿಡುವ ಜೊಟೆರೊ ಎಂಬ ಸಾಫ್ಟ್‌ವೇರನ್ನು ನಾನು ಪ್ರಯತ್ನಿಸದೆ ಬಿಟ್ಟದ್ದಲ್ಲ. ಒಂದು ಮಳೆಗಾಲವಿಡೀ ನೂರಕ್ಕೂ ಹೆಚ್ಚು ಆಕರಗಳನ್ನು ಅದಕ್ಕೆ ತುಂಬಿಸಿದೆ. ಮುದ್ರಿತ ಪುಸ್ತಕಗಳಿಗೆ ಅದು ಒಳ್ಳೆಯ ಉಪಕರಣ, ಶಾಸನಕ್ಕೂ ಕಡತಕ್ಕೂ ಅದರಲ್ಲಿ ನನಗೆ ಸರಿಹೊಂದುವ ಖಾನೆ ಸಿಗಲಿಲ್ಲ. ಅಡಿಟಿಪ್ಪಣಿಯ ಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿ ಕೊಡುವ ಪ್ರಯೋಗವನ್ನೂ ಮಾಡಿದ್ದೆ. ಡಿಟಿಪಿಯವರು ಯೂನಿಕೋಡ್ ಕಡತವನ್ನು ನುಡಿ ತಂತ್ರಾಂಶದ ಅಕ್ಷರಗಳಿಗೆ ಬದಲಾಯಿಸಿದಾಗ ಮೇಲಂಕಿಗಳೆಲ್ಲ ಕೆಳಗಿಳಿದು ಸಾಲಿನಲ್ಲಿ ಬೆರೆತವು. ಮತ್ತೆ ಕೂರಿಸಲು 1,500 ರೂಪಾಯಿ ಕೊಟ್ಟೆ. ಈಗ ಡಿಟಿಪಿಗೆ ಕೊಡುವಾಗ ಚೌಕ ಕಂಸದ ಕರಡನ್ನೂ ಜೊತೆಗಿಡುತ್ತೇನೆ.

ಹಳೆಯ ಮೈಸೂರು ಸೀಮೆಯ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ ಆವೃತ್ತಿಯ ಶಾಸನ ಸಂಖ್ಯೆಗಳನ್ನು ಮೈಸೂರಿನ ಪರಿಷ್ಕೃತ ಆವೃತ್ತಿಯ ಸಂಖ್ಯೆಗಳೊಡನೆ ಹೊಂದಿಸುವ ಒಂದು ಕೋಷ್ಟಕವನ್ನೂ ನನ್ನ ಕೆಲಸಕ್ಕೆ ಬೇಕಾದಷ್ಟು ಮಾಡಿಕೊಂಡಿದ್ದೇನೆ. ಅದನ್ನು ಹೇಗೆ ಕಟ್ಟಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಶೃಂಗೇರಿ, ಕೊಪ್ಪ ಕಡೆಯ ಶಾಸನಗಳ ಲೇಖನವೊಂದು ಅದರ ಮೇಲೆಯೇ ನಿಂತಿದೆ. ಆ ಲೇಖನದ ಕರಡಿನಲ್ಲಿ ಇಂದಿಗೆ 63 ಚೌಕ ಕಂಸಗಳಿವೆ, ಕಾರ್ಡಿಲ್ಲದ ಒಂದೂ ಇಲ್ಲ.