ಅಗಸಿ ಕಟ್ಟೆಯ ತನಕ

ಮನೆ ಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಕೆಲವು ವರ್ಷ ಮಾಡಿದೆ. ಈಗ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ, ನಮ್ಮದೇ ಹಳ್ಳಿಗಳಲ್ಲಿ ಮಾಡುತ್ತಿದ್ದೇನೆ. ಹೊಸ ಮನೆಗೆ ಹೋದಾಗ ಮೊದಲು ಬಿಪಿ, ಶುಗರ್ ನೋಡುತ್ತೇನೆ. ಮಾತ್ರೆಗಳನ್ನೆಲ್ಲ ಮುಂದೆ ಹರವಿಕೊಂಡು ಯಾವುದು ಯಾವ ಹೊತ್ತಿನದು ಅಂತ ಬೇರೆ ಮಾಡುತ್ತೇನೆ. ಮಲಗಿದಲ್ಲೇ ಇರುವವರಾದರೆ ಸೊಂಟ, ಹಿಮ್ಮಡಿ ಕೆಂಪಾಗಿದೆಯಾ ನೋಡುತ್ತೇನೆ. ಇಷ್ಟಾದ ಮೇಲೆ ಹತ್ತಿರ ಕೂತು ಕೇಳುತ್ತೇನೆ: “ಯಜ್ಜಾ, ಕಾಲು ಗಟ್ಟಿ ಇದ್ದಾಗ ಮುಂಜಾನೆ ಚಾ ಕುಡಿದು ಎಲ್ಲಿಗೆ ಹೋಗ್ತಿದ್ರಿ?”

ಒಬ್ಬರು ಅಗಸಿ ಕಟ್ಟೆ, ಅಂದರೆ ಊರ ಹೆಬ್ಬಾಗಿಲ ಕಟ್ಟೆ ಅನ್ನುತ್ತಾರೆ. ಒಬ್ಬರು ಹನುಮಪ್ಪನ ಗುಡಿ. ಇನ್ನೊಬ್ಬರಿಗೆ ಹೊಲದ ಬದು, ಮತ್ತೊಬ್ಬರಿಗೆ ಓಣಿಯ ಆ ತುದಿಯ ತಂಗಿಯ ಮನೆ. ಮುಂದಿನ ನನ್ನ ಕೆಲಸವೆಲ್ಲ ಆ ಉತ್ತರದ ಮೇಲೆ ನಿಂತಿದೆ. ಅಜ್ಜ ಮತ್ತೆ ಕಟ್ಟೆಗೆ ಹೋಗಬೇಕು. ಅಜ್ಜಿ ಮತ್ತೆ ಗುಡಿಗೆ ಹೋಗಬೇಕು. ಮಾತ್ರೆ ಕೊಡುವುದು, ಕೈಕಾಲು ಆಡಿಸುವುದು ಎಲ್ಲ ಅದಕ್ಕಾಗಿಯೇ.

ನಮ್ಮ ಕಡೆ ಮಳೆ ಕೈಕೊಟ್ಟರೆ ಗುಳೆ ಹೋಗುವುದು ಹಳೇ ಕಥೆ. ಮಗ, ಸೊಸೆ ಬೆಂಗಳೂರು, ಮಂಗಳೂರು, ಗೋವಾ ಅಂತ ದುಡಿಯಲು ಹೋಗುತ್ತಾರೆ. ಊರಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಮಕ್ಕಳೇನೂ ಕೈಬಿಟ್ಟಿರುವುದಿಲ್ಲ. ದುಡ್ಡು ಕಳಿಸುತ್ತಾರೆ, ದಿನಾ ಫೋನ್ ಮಾಡುತ್ತಾರೆ. ಆದರೆ ಅಪ್ಪ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರು ಅಂದರೆ ಸಾಕು, ಫೋನಿನಲ್ಲಿ ಒಂದೇ ಮಾತು: “ಎಲ್ಲೂ ಹೋಗಬ್ಯಾಡ, ಸುಮ್ನೆ ಮನಿಯಾಗ ಕುಂದ್ರು.” ಕೂತವರ ತೊಡೆಯ ಮಾಂಸ ಕರಗುತ್ತದೆ. ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಹೆದರಿಕೆ ಜಾಸ್ತಿಯಾಗುತ್ತದೆ. ಬೀಳಬಾರದು ಅಂತ ಕೂರಿಸುತ್ತಾರೆ, ಹಾಗೆ ಕೂತವರೇ ಮುಂದೆ ಬೇಗ ಬೀಳುತ್ತಾರೆ. ಊರ ನಡುವೆ ಇದ್ದೂ ಅವರಿಗೆ ಊರು ಇಲ್ಲದಂತಾಗುತ್ತದೆ. ನನಗೆ ಸಹಿಸಲು ಆಗದ್ದು ಇದೇ.

ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಪಡಸಾಲೆಯ ಹೊರಸು ಬಿಟ್ಟು ಇಳಿದಿರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಮಲಗುತ್ತಿದ್ದರು. ಕಟ್ಟೆಗೆ ಹೋಗಬೇಕು ಅನಿಸುತ್ತಾ ಅಂತ ಕೇಳಿದೆ. “ಈ ಕೈಕಾಲು ತಗೊಂಡು ಯಾರ ಮುಂದ ಹೋಗ್ಲವ್ವ” ಅಂದರು. ಆಸೆ ಇಲ್ಲ ಅನ್ನಲಿಲ್ಲ, ಅಲ್ವಾ? ನನಗೆ ಅಷ್ಟು ಸಾಕಿತ್ತು.

ಮೊದಲು ಹೊರಸಿನ ಅಂಚಿಗೆ ಕೂರುವುದನ್ನು ರೂಢಿ ಮಾಡಿಸಿದೆ. ಮಲಗಿದವರನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಇಳಿದು ತಲೆ ತಿರುಗುತ್ತದೆ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಬೇಕು, ಪಾದ ಮೇಲೆ ಕೆಳಗೆ ಆಡಿಸಬೇಕು, ಆಮೇಲೆ ಏಳಬೇಕು. ಆ ಹೊರಸಿನ ಹಗ್ಗ ಜೋತುಬಿದ್ದಿತ್ತು. ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಹಾಗೆ ಕೂತರೆ ಗಟ್ಟಿ ಆಳಿಗೂ ಏಳುವುದು ಕಷ್ಟ. ಹಗ್ಗ ಬಿಗಿಸಿ, ನಡುವೆ ತಗ್ಗು ಕೊರೆದ ಕಟ್ಟಿಗೆ ತುಂಡುಗಳನ್ನು ನಾಲ್ಕೂ ಕಾಲಿಗೆ ಕೊಟ್ಟು ಎತ್ತರ ಮಾಡಿಸಿದೆವು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ ಅಂತ ಮನೆಯವರಿಗೆ ಪದೇ ಪದೇ ಹೇಳಬೇಕಾಯಿತು. ಲಕ್ವಾ ಹೊಡೆದ ಕಡೆಯ ಭುಜದ ಕೀಲು ಸಡಿಲ ಇರುತ್ತದೆ. ಎಳೆದರೆ ಕೀಲು ಜಾರಿ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಸೊಂಟಕ್ಕೆ ಒಂದು ಟವಲ್ ಬಿಗಿದು ಅದನ್ನು ಹಿಡಿದುಕೊಂಡರೆ ಇಬ್ಬರಿಗೂ ಭದ್ರ. ಜೊತೆಗೆ ನಡೆಯುವವರು ಸೋತ ಕಡೆ, ಅರ್ಧ ಹೆಜ್ಜೆ ಹಿಂದೆ ಇರಬೇಕು.

ಕೋಲನ್ನು ಸೋತ ಕಾಲಿನ ಬದಿಗೇ ಹಿಡಿಯುವವರು ಜಾಸ್ತಿ. ಅದು ಗಟ್ಟಿ ಬದಿಯ ಕೈಯಲ್ಲಿ ಇರಬೇಕು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬಂದರೆ ಅಳತೆ ಸರಿ. ಅಜ್ಜನ ಕುರಿ ಕಾಯುವ ಕಾಲದ ಬಡಿಗೆ ಎದೆಮಟ್ಟ ಇತ್ತು. ಅದನ್ನು ಕೊಯ್ಯಲು ಯಾರಿಗೂ ಮನಸ್ಸು ಬರಲಿಲ್ಲ. ಬೇರೆ ಕೋಲು ತಂದು ತುದಿಗೆ ರಬ್ಬರ್ ಹಾಕಿಸಿದೆವು. ಇನ್ನು ಹೊಸ್ತಿಲು. ನಮ್ಮ ಕಡೆ ಹಳೇ ಮನೆಗಳ ಹೊಸ್ತಿಲು ಎತ್ತರ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮೊಮ್ಮಗ ಇದನ್ನು ಬಾಯಿಪಾಠ ಮಾಡಿಕೊಂಡು ಅಜ್ಜನ ಪ್ರತಿ ಹೆಜ್ಜೆಗೂ ಗಟ್ಟಿಯಾಗಿ ಕೂಗುತ್ತಿದ್ದ.

ಮೊದಲು ಹೊಸ್ತಿಲ ತನಕ ನಡೆಸಿದೆ. ಆಮೇಲೆ ಎದುರು ಮನೆ, ಆಮೇಲೆ ಹಿಟ್ಟಿನ ಗಿರಣಿ. ಅಗಸಿ ಮುಟ್ಟಬೇಕಾದರೆ ನಡುವೆ ಕೂರಲು ಜಾಗ ಬೇಕು. ಗಿರಣಿಯವರು ಕೇಳಿದ ತಕ್ಷಣ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿದರು. ಅಜ್ಜ ಕಟ್ಟೆ ಮುಟ್ಟಿದ ದಿನ ಗೆಳೆಯರು ಪಾಪ ಅನ್ನುವ ಮುಖ ಮಾಡಿ ಜಾಗ ಬಿಟ್ಟುಕೊಟ್ಟರು. ಸ್ವಲ್ಪ ದಿನಕ್ಕೆ ಆ ಪಾಪ ಹೋಗಿ ಹಳೇ ಜಗಳ ಶುರುವಾಯಿತು. ರೋಹಿಣಿ ಮಳೆ ಹಿಡಿದು ಹೆಸರು ಬಿತ್ತಬೇಕೋ, ಇನ್ನೊಂದು ಮಳೆ ಕಾಯಬೇಕೋ ಅಂತ. ಅಜ್ಜನ ಮಾತು ಆಗಿನ್ನೂ ತೊದಲುತ್ತಿತ್ತು. ಆದರೂ ತಾವು ಹೇಳಿದ್ದೇ ಸರಿ ಅಂತ ಬಿಡದೆ ವಾದ ಮಾಡಿದರು. ಮನೆಯಲ್ಲಿ ಕೂರಿಸಿ ನಾನು ಒಂದೊಂದೇ ಪದ ಹೇಳಿಸುತ್ತಿದ್ದೆನಲ್ಲ, ಅದಕ್ಕಿಂತ ಈ ಜಗಳವೇ ಅವರ ನಾಲಿಗೆಯನ್ನು ಜಾಸ್ತಿ ಸಡಿಲ ಮಾಡಿತು.

ಅಜ್ಜಿಯರ ಕಷ್ಟ ಬೇರೆ. ಗುಡಿಗೆ ಯಾಕೆ ಹೋಗುತ್ತಿಲ್ಲ ಅಂದರೆ ಮಂಡಿ ನೋವು ಅನ್ನುತ್ತಾರೆ. ಮಂಡಿ ನೋವು ಸುಳ್ಳಲ್ಲ. ಆದರೆ ಹೋಗಿ ಬಂದು ಸಲಿಗೆ ಆದ ಮೇಲೆ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಒಬ್ಬರು ಮೆಲ್ಲಗೆ ಹೇಳಿದರು: “ಕೆಮ್ಮಿದ್ರ ಸೀರಿ ಹಸಿ ಆಗ್ತದವ್ವ. ಹಂತಾದ್ರಾಗ ದೇವರ ಮುಂದ ಹೆಂಗ ಕುಂದ್ರಲಿ?” ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನೀರು ಕಡಿಮೆಯಾದರೆ ಉರಿಮೂತ್ರ, ಮಲಬದ್ಧತೆ ಎರಡೂ ಬರುತ್ತವೆ, ಸೋರುವುದು ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಯಾರೂ ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳುವುದಿಲ್ಲ. ಅಂಥ ಎಷ್ಟೋ ಅಜ್ಜಿಯರು ಮದುವೆ, ಸೀಮಂತ, ಜಾತ್ರೆ ಎಲ್ಲ ಬಿಟ್ಟು ಕೂತಿದ್ದಾರೆ.

ನಾವು ಮಾಡಿದ್ದು ಇಷ್ಟೇ. ಬರಲಿ ಬಿಡಲಿ, ಎರಡು ತಾಸಿಗೊಮ್ಮೆ ಹೋಗಿ ಬರುವುದು. ಮೂತ್ರ ತಡೆದು ಹಿಡಿದ ಹಾಗೆ ಒಳಗೆ ಬಿಗಿದು, ಬಿಡುವುದು. ಇದನ್ನು ರೊಟ್ಟಿ ಬಡಿಯುವವರ ಪಕ್ಕ ಕೂತೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಹಳೇ ನೂಲಿನ ಸೀರೆ ಹರಿದು ಮಡಿಕೆ ಬಟ್ಟೆ ಮಾಡಿಕೊಂಡು, ತೊಳೆದು ಬಿಸಿಲಲ್ಲೇ ಒಣಗಿಸಿದೆವು. ಅವರಿಗೆ ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇತ್ತು. ಹೊರಗೆ ಹೋಗುವ ದಿನ ಅದನ್ನು ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಡಾಕ್ಟರನ್ನೇ ಕೇಳಿದೆವು. ಕೆಲವು ತಿಂಗಳಿಗೆ ಅಜ್ಜಿ ತಂಗಿಯನ್ನು ಕರೆದುಕೊಂಡು ಹುಲಿಗೆಮ್ಮನ ದರ್ಶನಕ್ಕೆ ಹೊರಟರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಆಗಿದೆ, ಬಸ್ ಚಾರ್ಜಿಗೆ ಮಗನ ಮುಂದೆ ಕೈ ಚಾಚಬೇಕಿಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಗದ್ದಲ ಇಲ್ಲದ ದಿನ ಹಿಡಿದೆವು. ಕೊಪ್ಪಳ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಶೌಚಾಲಯಕ್ಕೆ ಹೋಗಿಯೇ ಮುಂದಿನ ಬಸ್ ಹತ್ತಬೇಕು ಅಂತ ತಂಗಿಗೆ ಹೇಳಿ ಕಳಿಸಿದ್ದೆ. ವಾಪಸ್ ಬಂದು ಓಣಿಗೆಲ್ಲ ಭಂಡಾರ ಹಂಚಿದರು.

ಪಿಂಚಣಿ ದುಡ್ಡನ್ನೂ ಅವರೇ ಹೋಗಿ ತರಲಿ ಅಂತ ನಾನು ಹಟ ಹಿಡಿಯುತ್ತೇನೆ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೂ ತಾವೇ ಎಣಿಸಿಕೊಂಡು, ಬರುವ ದಾರಿಯಲ್ಲಿ ಮೊಮ್ಮಕ್ಕಳಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುವವರ ನಡಿಗೆಯೇ ಬೇರೆ.

ನಮ್ಮ ಭಾಗಕ್ಕೆ ಇನ್ನೊಂದು ಕಾಟ ನೀರಿನದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಅದು ದಾಟುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಕುತ್ತಿಗೆ, ಬೆನ್ನು ಬಿಗಿದುಬಿಡುತ್ತದೆ. ಈಗ ಶುದ್ಧ ನೀರಿನ ಘಟಕದ ನೀರು ಕುಡಿದರೂ ಬಿಗಿದದ್ದು ಬಿಡುವುದಿಲ್ಲ, ಮುಂದೆ ಜಾಸ್ತಿ ಆಗದಿರಲಿ ಅಂತ ಕುಡಿಯಲೇಬೇಕು. ಇಂಥವರು ತಲೆ ತಿರುಗಿಸಿ ಹಿಂದೆ ನೋಡಲಾರರು, ಹಿಂದಿನಿಂದ ಬರುವ ಬೈಕ್ ಅವರಿಗೆ ಕಾಣುವುದೇ ಇಲ್ಲ. ಅದಕ್ಕೇ ರಸ್ತೆಯ ಬಲಗಡೆ, ಗಾಡಿಗಳು ಎದುರಿಗೆ ಬರುವ ಬದಿಗೆ ನಡೆಯಿರಿ ಅಂತ ಕಲಿಸುತ್ತೇನೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವಾಗ ಹೊತ್ತು ಏರುವ ಮುಂಚೆ, ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ. ಕೇಳಲಿ ಅಂತ ಕಾಯದೆ ಮಜ್ಜಿಗೆ, ಅಂಬಲಿ ಕೈಗೇ ಕೊಡಬೇಕು. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಊಟದ ಬಗ್ಗೆ ಒಂದೇ ಮಾತು. ಹಲ್ಲಿಲ್ಲ ಅಂತ ಮೂರು ಹೊತ್ತೂ ಗಂಜಿ ಕೊಡಬೇಡಿ. ಬಿಸಿ ಜೋಳದ ರೊಟ್ಟಿ ಮುರಿದು ಬೇಳೆ ಸಾರಿನಲ್ಲಿ ನೆನೆಸಿ, ಪಕ್ಕಕ್ಕೆ ಚೂರು ಪುಂಡಿ ಪಲ್ಯ ಹಾಕಿ ಕೊಡಿ, ತಟ್ಟೆ ಖಾಲಿಯಾಗುತ್ತದೆ.

ಏಳಲಾಗದವರ ಹತ್ತಿರಕ್ಕೆ ಊರನ್ನೇ ಕರೆತರಬೇಕು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಬೆನ್ನು ಒಣಗಿರುವಂತೆ ನೋಡಿಕೊಳ್ಳುವುದು ಇದ್ದದ್ದೇ. ಜೊತೆಗೆ ನಾನು ಮಂಚವನ್ನು ಒಳಕೋಣೆಯಿಂದ ಪಡಸಾಲೆಗೆ, ಬೀದಿ ಕಾಣುವ ಹಾಗೆ ಹಾಕಿಸುತ್ತೇನೆ. ಒಬ್ಬ ಅಜ್ಜ ಮೊದಲು ಮೊಹರಂನಲ್ಲಿ ರಿವಾಯತ್ ಪದ ಹಾಡುತ್ತಿದ್ದವರು. ಅಲಾಯಿ ಕುಣಿಯುವ ಹುಡುಗರಿಗೆ ಹೇಳಿದ್ದಕ್ಕೆ, ಅವರ ಮನೆ ಮುಂದೆ ನಿಂತು ಒಂದು ಪದ ಹಾಡಿ ಹೋದರು. ಹುಡುಗರು ನಡುವೆ ಒಂದು ಸಾಲು ಬಿಟ್ಟರು. ಅಜ್ಜ ಮಲಗಿದಲ್ಲಿಂದಲೇ ಅದನ್ನು ಹೇಳಿಕೊಟ್ಟರು. ಈಗ ಅವರಲ್ಲಿ ಇಬ್ಬರು ಪದ ಕಲಿಯಲು ಸಂಜೆ ಹೊತ್ತು ಬರುತ್ತಾರೆ.

ಮಕ್ಕಳು ನನ್ನನ್ನು ಕೇಳುವುದು ಒಂದೇ: “ಬಿದ್ದರೆ ಯಾರು ಜವಾಬ್ದಾರಿ ಅಕ್ಕಾ?” ಅವರ ಭಯ ನನಗೆ ಅರ್ಥವಾಗುತ್ತದೆ. ಹೊರಗೆ ಬಿಡದೆ ಇಟ್ಟರೂ ಬೀಳುತ್ತಾರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ ಅಂತ ಹೇಳುತ್ತೇನೆ. ನಮ್ಮ ಬಚ್ಚಲುಗಳಲ್ಲಿ ಶಹಾಬಾದ್ ಕಲ್ಲು, ಸೋಪಿನ ನೀರು ಬಿದ್ದರೆ ಜಾರುತ್ತದೆ. ಕಳಿಸುವ ದುಡ್ಡಿನಲ್ಲಿ ಮೊದಲು ವೆಲ್ಡಿಂಗ್ ಅಂಗಡಿಯಲ್ಲಿ ಹಿಡಿಕೆ ಪೈಪ್ ಮಾಡಿಸಿ ಗೋಡೆಗೆ ಕೂರಿಸಿ, ರಬ್ಬರ್ ಮ್ಯಾಟ್ ಹಾಕಿ, ರಾತ್ರಿಯಿಡೀ ಒಂದು ಸಣ್ಣ ದೀಪ ಇರಲಿ ಅನ್ನುತ್ತೇನೆ. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ಕೈಗೇ ಕೊಡುತ್ತೇನೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅವರೇ ಹೇಳಲಿ. ಇನ್ನು ಮನೆಯಲ್ಲಿ ಹಿರಿಯರನ್ನು ಹಿಂಸೆ ಮಾಡುತ್ತಿದ್ದರೆ, ನೋಡಿಕೊಳ್ಳುವವರೇ ಇಲ್ಲದಿದ್ದರೆ 14567ಕ್ಕೆ ಫೋನ್ ಮಾಡಬಹುದು. ಅದು ಹಿರಿಯರಿಗಾಗಿಯೇ ಇರುವ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಆ ನಂಬರನ್ನು ನಾನು ಹೋದ ಮನೆಯಲ್ಲೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಈಗ ನನ್ನ ತಲೆಯಲ್ಲಿ ಇರುವುದು ಹನುಮಪ್ಪನ ಗುಡಿಯ ಮೆಟ್ಟಿಲು. ಎತ್ತರ ಜಾಸ್ತಿ, ಹಿಡಿದುಕೊಳ್ಳಲು ಏನೂ ಇಲ್ಲ. ಶ್ರಾವಣದ ಶನಿವಾರ ಭಜನೆಗೆ ಬಂದ ಅಜ್ಜಿಯರು ಕೆಳಗೇ ನಿಂತು ಕೈ ಮುಗಿದು ಹೋಗುತ್ತಾರೆ. ಒಂದು ಬದಿಗೆ ಕಬ್ಬಿಣದ ಕೈಹಿಡಿ, ಇನ್ನೊಂದು ಬದಿಗೆ ಗಾಲಿಕುರ್ಚಿ ಏರುವಷ್ಟು ಇಳಿಜಾರು ಮಾಡಿಕೊಡಿ ಅಂತ ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಕಟ್ಟೆಯ ಅಜ್ಜಂದಿರು ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಬೇಕು. ಯಾರು ಓದಬೇಕು ಅನ್ನುವುದರ ಬಗ್ಗೆ ಕಟ್ಟೆಯಲ್ಲಿ ಸದ್ಯ ವಾದ ನಡೆದಿದೆ.