ಧಾರಾವಾಹಿ ನಿಂತಿತು, ಜಾನಕಿ ಎಲ್ಲಿ ಹೋದಳು?

2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣವೆಲ್ಲ ನಿಂತಿತು. ಬಿಗಿ ಸಡಿಲವಾದ ಮೇಲೆ ಎಷ್ಟೋ ಧಾರಾವಾಹಿಗಳು ಮರಳಿ ಬಂದವು. ‘ಮಗಳು ಜಾನಕಿ’ ಬರಲಿಲ್ಲ. 2018ರಿಂದ ಕಲರ್ಸ್ ಸೂಪರ್‌ನಲ್ಲಿ ನಡೆಯುತ್ತಿದ್ದ ನಿರ್ದೇಶಕ ಟಿ.ಎನ್. ಸೀತಾರಾಮ್ ಅವರ ಕಥೆ ನಡುದಾರಿಯಲ್ಲೇ ಉಳಿಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ನಮಗೆ ಸೀತಾರಾಮ್ ಎಂದರೆ ಗೌರಿಬಿದನೂರಿನ ನಂಟು ಇರುವವರು. ಹಾಗಾಗಿ ಚಿಂತಾಮಣಿಯ ನಮ್ಮ ಬೀದಿಯಲ್ಲಿ ಆ ಬೇಸರ ನೆಂಟರ ಮನೆಯ ಮದುವೆ ಮುರಿದಷ್ಟೇ ಹತ್ತಿರದ್ದಾಗಿತ್ತು.

ಪಕ್ಕದ ಮನೆಯ ಅಕ್ಕ ಮೂರು ವರ್ಷದ ನಂತರವೂ ನನ್ನನ್ನು ಕೇಳುತ್ತಿದ್ದರು: “ಆ ಹುಡುಗಿ ಏನಾದಳೋ, ಮತ್ತೆ ಕಾಣಲೇ ಇಲ್ಲವಲ್ಲ?” ಜಾನಕಿಯಾಗಿದ್ದ ಗಾನವಿ ಲಕ್ಷ್ಮಣ್ ಅಷ್ಟರಲ್ಲಿ 2021ರಲ್ಲಿ ರಿಷಬ್ ಶೆಟ್ಟಿ ಅವರೊಂದಿಗೆ ‘ಹೀರೋ’ ಚಿತ್ರದಲ್ಲಿ, 2022ರಲ್ಲಿ ಶಿವರಾಜ್‌ಕುಮಾರ್ ಅವರೊಂದಿಗೆ ‘ವೇದ’ ಚಿತ್ರದಲ್ಲಿ ನಟಿಸಿಯಾಗಿತ್ತು. ‘ವೇದ’ವನ್ನು ಆ ಅಕ್ಕ ಟಿವಿಯಲ್ಲಿ ನೋಡಿಯೂ ಇದ್ದರು. ಮುಖ ಕಂಡಿತ್ತು, ಹೆಸರು ಗೊತ್ತಿರಲಿಲ್ಲ. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲಿಯೇ. ಪಾತ್ರದ ಹೆಸರು ಬಾಯಲ್ಲಿರುತ್ತದೆ, ಮನುಷ್ಯರ ಹೆಸರು ಇರುವುದಿಲ್ಲ. ಆದ್ದರಿಂದ, ಧಾರಾವಾಹಿ ನಿಂತ ಮೇಲೂ ಮೆಚ್ಚಿನ ಕಲಾವಿದರ ಜಾಡು ಹಿಡಿಯುವುದು ಹೇಗೆಂದು ಹೇಳಲು ಈ ಬರಹ.

ನಿಲ್ಲುವ ಮೊದಲೇ ಸುಳಿವು ಹಿಡಿಯಿರಿ

ಇದು ಸುಲಭ. ರಾತ್ರಿ ಎಂಟಕ್ಕೆ ಬರುತ್ತಿದ್ದ ಧಾರಾವಾಹಿ ಇದ್ದಕ್ಕಿದ್ದಂತೆ ಹತ್ತೂವರೆಗೋ ಸಂಜೆ ಐದೂವರೆಗೋ ಸರಿದರೆ, ಹೊಸ ಧಾರಾವಾಹಿಯ ಪ್ರೋಮೊದಲ್ಲಿ ಅದೇ ಸಮಯ ಹೇಳಿದರೆ, ವರ್ಷಗಟ್ಟಲೆ ಎಳೆದ ಗುಟ್ಟು ಒಂದೇ ವಾರದಲ್ಲಿ ಬಯಲಾದರೆ ಪುಸ್ತಕ ಪೆನ್ನು ತೆಗೆದುಕೊಳ್ಳಿ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿಗಳು ಗುರುವಾರ ಬರುತ್ತವೆ. ಸತತ ನಾಲ್ಕೈದು ಗುರುವಾರ ಇಳಿಮುಖವಾಗಿದ್ದರೆ ಕಾಯಬೇಡಿ.

ಹೆಸರು ಹಿಡಿಯುವುದು: ಕೆಲಸವಿರುವುದು ಇಲ್ಲಿ

ತಂಡದವರ ಹೆಸರು ತೋರಿಸುವ ಟೈಟಲ್ ಕಾರ್ಡನ್ನು ಧಾರಾವಾಹಿ ಇನ್ನೂ ಪ್ರಸಾರವಾಗುತ್ತಿರುವಾಗಲೇ ಬರೆದುಕೊಳ್ಳಬೇಕು. ನಿಂತ ಮೇಲೆ ನೋಡಿಕೊಳ್ಳೋಣ ಎನ್ನುವವರು ಕಳೆದುಕೊಳ್ಳುತ್ತಾರೆ. ಕಲರ್ಸ್ ಬಳಗದ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು, 2023ರಲ್ಲಿ ಜಿಯೋಸಿನಿಮಾಕ್ಕೆ ಹೋದವು, 2025ರ ಫೆಬ್ರುವರಿಯಲ್ಲಿ ಅದೂ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಪ್ರತಿ ಸಲ ಮನೆ ಬದಲಿಸಿದಾಗಲೂ ಹಳೆಯ ಕೊಂಡಿಗಳು ಸತ್ತವು. ನೀವು ಜೋಪಾನವಾಗಿ ಇಟ್ಟುಕೊಂಡ ಲಿಂಕ್ ನಾಳೆ ತೆರೆಯುತ್ತದೆ ಎಂದು ನಂಬಬೇಡಿ.

ಟಿವಿಯಲ್ಲಿ ಹೆಸರುಗಳು ಮೊದಲ ದೃಶ್ಯದ ಮೇಲೆಯೇ ತೇಲಿಹೋಗುವುದುಂಟು, ಒಂದು ಹೆಸರಿಗೆ ಎರಡು ಸೆಕೆಂಡೂ ಸಿಗುವುದಿಲ್ಲ. ಆ್ಯಪ್‌ನಲ್ಲಿ ನೋಡುವವರು ಪರಿಚಯ ಭಾಗವನ್ನು ದಾಟಿಸುವ ಗುಂಡಿ ಒತ್ತುತ್ತಾರೆ. ಒತ್ತಬೇಡಿ. ಒಂದು ಸಂಚಿಕೆಯನ್ನು ಮೊಬೈಲ್‌ನಲ್ಲಿ ತೆರೆದು, ಹೆಸರು ಬಂದಾಗಲೆಲ್ಲ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ಅದೇ ದಿನ ಪುಸ್ತಕಕ್ಕೆ ಇಳಿಸಿ. ಒಂದೇ ಸಂಚಿಕೆ ಸಾಲದು. ಸಂಚಿಕೆ ನಿರ್ದೇಶಕರು, ಸಂಭಾಷಣೆಕಾರರು ಮಧ್ಯದಲ್ಲಿ ಬದಲಾಗುತ್ತಾರೆ. ಶುರುವಿನ ತಿಂಗಳಿನದೊಂದು, ನಡುವಿನದೊಂದು, ಕೊನೆಯ ವಾರದ್ದೊಂದು, ಹೀಗೆ ಮೂರು ಸಂಚಿಕೆ ನೋಡಿ.

ಬರೆಯುವಾಗ ಪ್ರತಿ ಹೆಸರನ್ನು ಕನ್ನಡದಲ್ಲಿ ತೆರೆಯ ಮೇಲೆ ಇದ್ದ ಹಾಗೆಯೇ, ಇನಿಷಿಯಲ್ ಸಮೇತ ಬರೆಯಿರಿ. ಪಕ್ಕದಲ್ಲಿ ಇಂಗ್ಲಿಷಿನ ಎಲ್ಲ ಬಗೆಯ ಕಾಗುಣಿತವನ್ನೂ ಬರೆಯಿರಿ. ‘ಲಕ್ಷ್ಮಣ್’ ಎಂಬುದನ್ನು ಒಬ್ಬರು ಎಕ್ಸ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಕೆ, ಎಸ್, ಎಚ್ ಹಾಕಿ ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದರ ಸುದ್ದಿ ಕೈಗೆ ಸಿಗದೇ ಹೋಗಬಹುದು. ಇನ್ನು ಕನ್ನಡ ಕಿರುತೆರೆಯಲ್ಲಿ ಗೌಡ ಎಂದು ಕೊನೆಯಾಗುವ ಹೆಸರುಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ: ವೈಷ್ಣವಿ, ಭವ್ಯಾ, ನಮ್ರತಾ, ಕಾವ್ಯಾ, ರಕ್ಷಾ. ಬರೀ ಹೆಸರು ಸಾಲದು. ಹೆಸರು, ಧಾರಾವಾಹಿ, ಪಾತ್ರ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು, ಮೂರನ್ನೂ ಸೇರಿಸಿ ಹುಡುಕಬೇಕು.

ಫೋನಿನ ಟಿಪ್ಪಣಿ ಆ್ಯಪ್‌ಗಳಲ್ಲಿ ಇದನ್ನೆಲ್ಲ ಇಡಬಹುದಲ್ಲ ಎಂದು ಹುಡುಗರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಮೊದಲ ಪಟ್ಟಿ ಫೋನ್ ಕೆಟ್ಟ ದಿನವೇ ಹೋಯಿತು. ನೂರು ಪುಟದ ಗೆರೆಯ ನೋಟ್‌ಬುಕ್ ಸಾಕು, ಒಬ್ಬರಿಗೆ ಒಂದು ಪುಟ.

ಐದು ಮಂದಿ, ಅದರಲ್ಲಿ ಇಬ್ಬರು ತೆರೆಯ ಹಿಂದಿನವರು

ಎಲ್ಲರನ್ನೂ ಹಿಂಬಾಲಿಸಲು ಹೊರಟರೆ ಒಂದು ತಿಂಗಳಲ್ಲಿ ಬೇಸತ್ತು ಬಿಡುತ್ತೀರಿ. ಐದೇ ಮಂದಿಯನ್ನು ಆರಿಸಿಕೊಳ್ಳಿ. ಈ ಐವರಲ್ಲಿ ಇಬ್ಬರು ತೆರೆಯ ಹಿಂದಿನವರೇ ಆಗಿರಬೇಕು. ಒಬ್ಬರು ನಿರ್ದೇಶಕರು, ಇನ್ನೊಬ್ಬರು ಸಂಭಾಷಣೆಕಾರರು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕಾರಣ ಹೇಳುತ್ತೇನೆ. ಧಾರಾವಾಹಿ ನಿಂತಾಗ ನೀವು ಕಳೆದುಕೊಂಡಿದ್ದು ಒಂದು ಮುಖವನ್ನಷ್ಟೇ ಅಲ್ಲ, ಒಂದು ಮಾತಿನ ವರಸೆಯನ್ನು. ಅತ್ತೆ ಸೊಸೆ ಎದುರು ನಿಂತಾಗ ಕೂಗಾಡದೆ ಮಾತಾಡಿದ್ದು, ನ್ಯಾಯಾಲಯದ ದೃಶ್ಯದಲ್ಲಿ ವಾದ ನಿಜವಾಗಿ ವಾದದ ಹಾಗೆ ಇದ್ದದ್ದು ಬರೆದವರ ಕೈಗುಣ. ನಟಿ ಬೇರೆ ಧಾರಾವಾಹಿಗೆ ಹೋದಾಗ ಆ ವರಸೆ ಅವರ ಜೊತೆ ಹೋಗುವುದಿಲ್ಲ. ಎಷ್ಟೋ ಜನ ಮೆಚ್ಚಿನ ನಾಯಕಿಯ ಹೊಸ ಧಾರಾವಾಹಿಯನ್ನು ಆಸೆಯಿಂದ ನೋಡಲು ಕುಳಿತು ವಾರದಲ್ಲಿ ಎದ್ದು ಹೋಗುವುದು ಇದಕ್ಕೇ.

1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ನೆನಪಿಸಿಕೊಳ್ಳಿ. ಸೀತಾರಾಮ್ ಅವರ ಜೊತೆ ಅದನ್ನು ನಿರ್ದೇಶಿಸಿದವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ. ಆಗ ಶೇಷಾದ್ರಿ ಎಂಬ ಹೆಸರನ್ನು ಗುರುತು ಹಾಕಿಕೊಂಡಿದ್ದವರಿಗೆ 2000ದಲ್ಲಿ ‘ಮುನ್ನುಡಿ’ ಚಿತ್ರ ಸಿಕ್ಕಿತು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಒಳ್ಳೆಯ ಚಿತ್ರಗಳು ಸಿಕ್ಕವು. ‘ಮಗಳು ಜಾನಕಿ’ ನಿಂತ ಎರಡು ವರ್ಷಕ್ಕೆ, 2022ರಲ್ಲಿ, ಈ ಮೂವರೇ ಸೇರಿ ಸಿರಿ ಕನ್ನಡ ವಾಹಿನಿಗೆ ‘ಮತ್ತೆ ಮಾಯಾಮೃಗ’ ಮಾಡಿದರು. ಕಲರ್ಸ್ ಸೂಪರ್ ಒಂದನ್ನೇ ನೋಡುತ್ತಾ ಕುಳಿತವರಿಗೆ ಅದು ಬಂದದ್ದೇ ತಿಳಿಯಲಿಲ್ಲ. ನಿರ್ದೇಶಕರ ಹೆಸರು ಬರೆದಿಟ್ಟುಕೊಂಡವರು ಮೊದಲ ದಿನವೇ ನೋಡಿದರು.

ಮನರಂಜನೆಯ ದಾರಿ ಬೇರೆ, ಲೆಕ್ಕ ಅದೇ. ‘ಪುಟ್ಟಗೌರಿ ಮದುವೆ’ ಇಷ್ಟಪಟ್ಟವರು ರಾಮ್‌ಜಿ ಎಂಬ ಹೆಸರು ಹಿಡಿದು ‘ಗೀತಾ’, ‘ರಾಮಾಚಾರಿ’ ತನಕ ನಡೆಯಬಹುದು. ‘ಜೊತೆ ಜೊತೆಯಲಿ’ಯ ಆರೂರು ಜಗದೀಶ್ ಅವರನ್ನು ಹಿಡಿದವರು ಉಮಾಶ್ರೀ ಅವರ ‘ಪುಟ್ಟಕ್ಕನ ಮಕ್ಕಳು’ ತಲುಪುತ್ತಾರೆ.

ಅಸಲಿ ಖಾತೆ ಯಾವುದು?

ನಮ್ಮ ಬೀದಿಯಲ್ಲೇ ಒಬ್ಬ ತಂಗಿ ನಿಂತುಹೋದ ಧಾರಾವಾಹಿಯ ನಟನೆಂದು ಹೇಳಿಕೊಂಡವನಿಗೆ ಐನೂರು ರೂಪಾಯಿ ಕಳಿಸಿದಳು. ‘ಅಭಿಮಾನಿ ಕಾರ್ಡ್’ ಕೊಟ್ಟು ಚಿತ್ರೀಕರಣದ ಸ್ಥಳಕ್ಕೆ ಕರೆಯುತ್ತೇನೆ ಎಂದಿದ್ದನಂತೆ. ಆ ಮಗುವಿನ ಸಂಕಟ ನೋಡಿದ ಮೇಲೆ ಈ ಹಂತವನ್ನು ಯಾರಿಗೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದಿಲ್ಲ ಎಂದು ನಿಶ್ಚಯಿಸಿದ್ದೇನೆ.

ಹೆಸರನ್ನು ಇನ್‌ಸ್ಟಾಗ್ರಾಂನಲ್ಲಿ ನೇರವಾಗಿ ಹುಡುಕಬೇಡಿ. ಮೊದಲು ವಾಹಿನಿಯ ಅಧಿಕೃತ ಪುಟಕ್ಕೆ ಹೋಗಿ, ಆ ಧಾರಾವಾಹಿಯ ಹಳೆಯ ಪ್ರೋಮೊ ತೆರೆಯಿರಿ. ಅದರಲ್ಲಿ ಕಲಾವಿದರನ್ನು ಟ್ಯಾಗ್ ಮಾಡಿದ್ದರೆ ಆ ದಾರಿಯಲ್ಲಿ ಹೋದರೆ ಅಸಲಿ ಖಾತೆ ಸಿಗುತ್ತದೆ. ಟ್ಯಾಗ್ ಇಲ್ಲವೆಂದರೆ ಕೊನೆಯ ದಿನದ ಚಿತ್ರೀಕರಣದ ಫೋಟೊ ಹುಡುಕಿ. ತಂಡದವರು ಕೇಕ್ ಕತ್ತರಿಸಿ ಗುಂಪು ಫೋಟೊ ತೆಗೆಸಿಕೊಂಡು ಒಬ್ಬರನ್ನೊಬ್ಬರು ಟ್ಯಾಗ್ ಮಾಡುವುದು ವಾಡಿಕೆ. ಅದೊಂದು ಫೋಟೊ ಚಿನ್ನದ ಗಣಿ. ಛಾಯಾಗ್ರಾಹಕರು, ಸಂಕಲನಕಾರರು, ವಸ್ತ್ರವಿನ್ಯಾಸದವರು, ಮೇಕಪ್ ಅಣ್ಣಂದಿರು, ಬೇರೆಲ್ಲೂ ಸಿಗದವರು ಅಲ್ಲಿ ಸಿಗುತ್ತಾರೆ.

ಖಾತೆ ತೆರೆದ ಮೇಲೆ ‘ಈ ಖಾತೆಯ ಬಗ್ಗೆ’ ಎಂಬ ಭಾಗ ಒತ್ತಿ. ಎಂದು ಶುರುವಾಯಿತು, ಹೆಸರು ಎಷ್ಟು ಸಲ ಬದಲಾಗಿದೆ ಎಂದು ಸಾಮಾನ್ಯವಾಗಿ ಅಲ್ಲಿ ಕಾಣುತ್ತದೆ. ಹತ್ತು ವರ್ಷದಿಂದ ನಟಿಸುತ್ತಿರುವವರ ಖಾತೆ ಕಳೆದ ತಿಂಗಳು ಹುಟ್ಟಿದ್ದರೆ ಅನುಮಾನಿಸಿ. ನೀಲಿ ಟಿಕ್ ಒಂದನ್ನೇ ನೆಚ್ಚಬೇಡಿ. 2023ರಿಂದ ನಮ್ಮ ದೇಶದಲ್ಲಿ ಗುರುತಿನ ಚೀಟಿ ತೋರಿಸಿ ತಿಂಗಳ ಹಣ ಕಟ್ಟಿದವರಿಗೂ ಅದು ಸಿಗುತ್ತದೆ; ಅದೇ ಹೆಸರಿನ ಬೇರೆ ಯಾರೋ ಆಗಿರಬಹುದು. ಹಣ, ಫೋನ್ ನಂಬರ್, ಒಟಿಪಿ ಕೇಳಿದ ಕ್ಷಣ ಮಾತು ನಿಲ್ಲಿಸಿ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ಖ್ಯಾತ ನಟಿಯ ಬಾಳಲ್ಲಿ ಬಿರುಗಾಳಿ’ ಎಂದು ಕೆಂಪು ಬಾಣದ ಗುರುತು ಹಾಕುವ ಯೂಟ್ಯೂಬ್ ವಿಡಿಯೊಗಳಿಂದ ಸುದ್ದಿ ತಿಳಿಯುತ್ತದೆ ಎಂದು ಭಾವಿಸುವವರಿದ್ದಾರೆ. ಎಂಟು ನಿಮಿಷ ನೋಡಿದರೂ ಒಂದು ತಾರೀಕು, ಒಂದು ವಾಹಿನಿಯ ಹೆಸರು ಸಿಗುವುದಿಲ್ಲ. ಸುಮ್ಮನಿರುವ ಕಲಾವಿದರ ಮದುವೆ ಮುರಿಸುತ್ತಾರೆ, ಕಾಯಿಲೆ ಹಚ್ಚುತ್ತಾರೆ. ದಯವಿಟ್ಟು ಅವನ್ನು ಯಾರಿಗೂ ಕಳಿಸಬೇಡಿ.

ತೆಲುಗು ವಾಹಿನಿ ತಿರುಗಿಸಿ ನೋಡಿ

ಬೆಂಗಳೂರಿನವರು ಮರೆಯುವ ಹಂತ ಇದು. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಮನೆಗಳಿಗೆ ಮಾತ್ರ ಕೈಯಳತೆಯ ದೂರ. ನಮ್ಮಲ್ಲಿ ಏಳು ಗಂಟೆಗೆ ಕನ್ನಡ, ಏಳೂವರೆಗೆ ತೆಲುಗು, ಒಂದೇ ರಿಮೋಟ್. ಕನ್ನಡದಲ್ಲಿ ಧಾರಾವಾಹಿ ನಿಂತ ಎಷ್ಟೋ ಕಲಾವಿದರು ಹೈದರಾಬಾದಿಗೆ ಹೋಗುತ್ತಾರೆ. ಸ್ಟಾರ್ ಮಾ ವಾಹಿನಿಯಲ್ಲಿ 2020ರಿಂದ 2024ರವರೆಗೆ ನಡೆದ ‘ಗುಪ್ಪೆಡಂತ ಮನಸು’ ಧಾರಾವಾಹಿಯ ರಿಷಿ ಮತ್ತು ವಸುಧಾರ ಇಬ್ಬರೂ, ಅಂದರೆ ಮುಖೇಶ್ ಗೌಡ ಮತ್ತು ರಕ್ಷಾ ಗೌಡ, ಕನ್ನಡದವರು.

ಗುರುತು ಸಿಗದಿರಲು ಮುಖ್ಯ ಕಾರಣ ಧ್ವನಿ. ತೆಲುಗಿನಲ್ಲಿ ಅವರಿಗೆ ಹೆಚ್ಚಾಗಿ ಬೇರೆಯವರು ಕಂಠದಾನ ಮಾಡಿರುತ್ತಾರೆ. ಅಡುಗೆ ಮನೆಯಿಂದಲೇ ಕಿವಿಯಲ್ಲಿ ಧಾರಾವಾಹಿ ನೋಡುವ ನಮ್ಮಂತಹವರಿಗೆ ಮೋಸವಾಗುವುದು ಇಲ್ಲಿ. ಶಬ್ದ ಪೂರ್ತಿ ತಗ್ಗಿಸಿ ಒಂದು ನಿಮಿಷ ಮುಖವನ್ನೇ ನೋಡಿ. ನಡಿಗೆ, ಕಣ್ಣು ಹೊರಳಿಸುವ ರೀತಿ, ಸೆರಗು ಸರಿಪಡಿಸುವ ಕೈ ಬದಲಾಗುವುದಿಲ್ಲ. ನನ್ನ ಅತ್ತೆ ಈ ಉಪಾಯದಿಂದಲೇ ಒಂದೇ ಸಂಜೆ ಇಬ್ಬರನ್ನು ಗುರುತಿಸಿದರು.

ಕಾಯುವುದು

ಅವಸರ ಬೇಡ. ‘ಅಗ್ನಿಸಾಕ್ಷಿ’ ಕಥೆ ಪೂರ್ತಿಯಾಗಿಯೇ 2020ರ ಜನವರಿಯಲ್ಲಿ ಮುಗಿಯಿತು. ಅದರ ನಾಯಕಿ ವೈಷ್ಣವಿ ಗೌಡ 2021ರಲ್ಲಿ ಬಿಗ್ ಬಾಸ್ ಮನೆಗೆ ಹೋದರು, ಆದರೆ ‘ಸೀತಾ ರಾಮ’ದ ಸೀತೆಯಾಗಿ ದಿನನಿತ್ಯದ ಕಥೆಗೆ ಮರಳಿದ್ದು 2023ರ ಜುಲೈನಲ್ಲಿ, ಅದೂ ಝೀ ಕನ್ನಡದಲ್ಲಿ. ಮೂರೂವರೆ ವರ್ಷ. ನಡುವೆ ಕಲಾವಿದರು ಸುಮ್ಮನಿರುವುದಿಲ್ಲ. ಅತಿಥಿ ಪಾತ್ರ, ನಾಟಕ, ಕಂಠದಾನ, ಜಾಹೀರಾತು ಹೀಗೆ ಏನಾದರೂ ಇರುತ್ತದೆ. ವಾಹಿನಿಯೊಂದಿಗೆ ಕರಾರು ಇದ್ದರೆ ಅದು ಮುಗಿಯುವವರೆಗೆ ಬೇರೆ ವಾಹಿನಿಯಲ್ಲಿ ಕಾಣಿಸಿಕೊಳ್ಳುವ ಹಾಗಿಲ್ಲ. “ಅವಕಾಶ ಇಲ್ಲವಂತೆ ಪಾಪ” ಎಂದು ಅವರ ಫೋಟೊಗಳ ಕೆಳಗೆ ಬರೆಯಬೇಡಿ, ಅದನ್ನು ಅವರೂ ಓದುತ್ತಾರೆ.

ಹೊಸದು ಶುರುವಾಗುವ ಮೊದಲ ಸುಳಿವು ಮುಹೂರ್ತದ ಫೋಟೊ. ಪೂಜೆ ಮಾಡಿದ ಕ್ಲ್ಯಾಪ್‌ಬೋರ್ಡನ್ನು ಹಿಗ್ಗಿಸಿ ನೋಡಿ, ನಿರ್ದೇಶಕರ, ಛಾಯಾಗ್ರಾಹಕರ ಹೆಸರು ಅದರ ಮೇಲೆಯೇ ಇರುತ್ತದೆ. ನಿಮ್ಮ ಪುಸ್ತಕದ ಎರಡು ಹೆಸರು ಒಂದೇ ಬೋರ್ಡಿನಲ್ಲಿ ಸೇರಿದರೆ ಆ ಧಾರಾವಾಹಿಯನ್ನು ಕಣ್ಣು ಮುಚ್ಚಿಕೊಂಡು ನೋಡಲು ಶುರು ಮಾಡಿ. 2025ರ ‘ಕರ್ಣ’ದಲ್ಲಿ ‘ಕನ್ನಡತಿ’ಯ ಕಿರಣ್ ರಾಜ್, ‘ಗೀತಾ’ದ ಭವ್ಯಾ ಗೌಡ, ‘ನಾಗಿಣಿ 2’ರ ನಮ್ರತಾ ಗೌಡ ಮೂವರೂ ಸೇರಿದಾಗ ನನ್ನ ನೋಟ್‌ಬುಕ್‌ನಲ್ಲಿ ಮೂರು ಬೇರೆ ಬೇರೆ ಪುಟಗಳಲ್ಲಿ ಒಂದೇ ದಿನ ಒಂದೇ ಹೆಸರು ಬರೆದೆ.

ಬಂದ ಮೇಲೆ ಕನಿಷ್ಠ ಎರಡು ವಾರ ನೋಡಿ, ಮೆಚ್ಚಿದರೆ ನಟರ ಜೊತೆ ಸಂಭಾಷಣೆಕಾರರ ಖಾತೆಗೂ ಒಂದು ಸಾಲು ಬರೆಯಿರಿ. ಇಂತಹ ಸಂಚಿಕೆಯ ಇಂತಹ ಮಾತು ಎಂದು ನಿರ್ದಿಷ್ಟವಾಗಿ ಬರೆಯಿರಿ. ನಟಿಗೆ ಬರುವ ಮೆಚ್ಚುಗೆಯಲ್ಲಿ ನೂರರ ಒಂದು ಪಾಲೂ ಅವರಿಗೆ ಬರುವುದಿಲ್ಲ.

ಆರು ತಿಂಗಳಿಗೊಮ್ಮೆ ಪುಸ್ತಕ ತಿರುವಿ. ಸುಳಿವು ಸಿಗದವರ ಪುಟದಲ್ಲಿ ಆ ದಿನದ ತಾರೀಕು ಹಾಕಿ, ಹೆಸರನ್ನು ಹೊಡೆದು ಹಾಕಬೇಡಿ. ‘ಮಗಳು ಜಾನಕಿ’ಯ ಇಬ್ಬರ ಪುಟಗಳು ನನ್ನಲ್ಲಿ ಇನ್ನೂ ಖಾಲಿ ಇವೆ. ಪಕ್ಕದ ಮನೆಯ ಅಕ್ಕನ ಪುಸ್ತಕದಲ್ಲಿ ಅವರಲ್ಲೊಬ್ಬರ ಹೆಸರಿನ ಕೆಳಗೆ ಕಳೆದ ವಾರ ಪೆನ್ಸಿಲ್‌ನಲ್ಲಿ ಒಂದು ತೆಲುಗು ಧಾರಾವಾಹಿಯ ಹೆಸರು ಬಿದ್ದಿದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇವತ್ತು ಸಂಜೆ ಇಬ್ಬರೂ ಶಬ್ದ ತಗ್ಗಿಸಿ ನೋಡುವವರಿದ್ದೇವೆ.