ಮೊಬೈಲ್ ಚೆಸ್ ಪ್ರೋಗ್ರಾಂನ ಬಲವನ್ನು ಅಂದಾಜು ಮಾಡುವ ಕ್ರಮ

ಫೋನಿನ ಚೆಸ್ ಆ್ಯಪ್ "ಲೆವೆಲ್ 6" ಎಂದೋ "1500" ಎಂದೋ ತೋರಿಸಿದರೆ, ಆ ಅಂಕಿಯನ್ನು ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಆಟಗಾರರ ಬಲಕ್ಕೆ ಕೊಡುವ ರೇಟಿಂಗ್ ಎಂದೇ ತಿಳಿಯುವ ಮಕ್ಕಳೂ ಪೋಷಕರೂ ದಾವಣಗೆರೆಯಲ್ಲಿ ಬಹಳ ಮಂದಿ ಇದ್ದಾರೆ. ಲೆವೆಲ್‌ಗಳಿಗೆ ಹೆಸರಿಡುವವರು ಆ್ಯಪ್ ತಯಾರಕರು. ಒಂದು ಆ್ಯಪಿನ ಆರನೆಯ ಲೆವೆಲ್‌ಗೂ ಇನ್ನೊಂದರ ಆರನೆಯ ಲೆವೆಲ್‌ಗೂ ಯಾವ ಸಂಬಂಧವೂ ಇರಬೇಕಾಗಿಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿಯ ಕಡೆಯ ಹಳ್ಳಿಗಳಲ್ಲಿ ರೇಟಿಂಗ್ ಇರುವ ಎದುರಾಳಿ ದಿನವೂ ಸಿಗುವುದಿಲ್ಲವಾದ್ದರಿಂದ ಅಲ್ಲಿ ಕಲಿಯುವ ಮಗುವಿಗೆ ಫೋನೇ ಅಭ್ಯಾಸದ ಜೊತೆಗಾರ. ಆ ಜೊತೆಗಾರನ ಬಲ ಎಷ್ಟೆಂದು ಸರಿಯಾಗಿ ತಿಳಿಯದಿದ್ದರೆ ಮಗು ವೃಥಾ ಎದೆಗುಂದುತ್ತದೆ ಇಲ್ಲವೇ ಇಲ್ಲದ ಧೈರ್ಯ ತಂದುಕೊಳ್ಳುತ್ತದೆ. ಎರಡು ಫೋನು, ಒಂದು ನೋಟ್‌ಬುಕ್ಕು, ಸ್ವಲ್ಪ ತಾಳ್ಮೆ ಇದ್ದರೆ ಈ ಅಂದಾಜನ್ನು ಮನೆಯಲ್ಲೇ ಮಾಡಬಹುದು.

ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಲವೆಂಬುದು ಪ್ರೋಗ್ರಾಂ ಒಂದರದ್ದೇ ಅಲ್ಲ. ಪ್ರೋಗ್ರಾಂ, ಅದು ಓಡುವ ಫೋನು, ಅದಕ್ಕೆ ಕೊಟ್ಟ ಸಮಯ, ಅದರ ಎದುರಿಗೆ ಕೂತ ಆಟಗಾರ, ಈ ನಾಲ್ಕೂ ಸೇರಿದಾಗಲೇ ಅಂಕಿಗೆ ಅರ್ಥ ಬರುತ್ತದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೋ ರೂಪಿಸಿದ, ಫಿಡೆ 1970ರಲ್ಲಿ ಅಳವಡಿಸಿಕೊಂಡ ಪದ್ಧತಿಯೂ ಹೇಳುವುದು ಇಬ್ಬರ ನಡುವಿನ ಅಂತರವನ್ನು ಮಾತ್ರ. ಇಬ್ಬರ ನಡುವೆ 100 ಪಾಯಿಂಟ್ ಅಂತರವಿದ್ದರೆ ಬಲಶಾಲಿಗೆ ಒಟ್ಟು ಅಂಕಗಳಲ್ಲಿ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ಸುಮಾರು ಶೇ. 64, 200 ಇದ್ದರೆ ಶೇ. 76, 400 ಇದ್ದರೆ ಶೇ. 91 ಸಿಗುತ್ತವೆ ಎಂಬುದು ಅದರ ಲೆಕ್ಕ. ನಮ್ಮ ಕೆಲಸವೆಲ್ಲ ಇದನ್ನೇ ತಿರುಗಿಸಿ, ಬಂದ ಅಂಕದಿಂದ ಅಂತರವನ್ನು ಕಂಡುಕೊಳ್ಳುವುದು.

ಹಾಗಾಗಿ ರೇಟಿಂಗ್ ಗೊತ್ತಿರುವ ಎದುರಾಳಿಯೊಬ್ಬ ಬೇಕೇ ಬೇಕು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೆಕ್ಕೆಜೋಳ ತೂಗಲು ಮುದ್ರೆಯೊತ್ತಿದ ತೂಕದ ಕಲ್ಲು ಎಷ್ಟು ಅಗತ್ಯವೋ ಇದೂ ಅಷ್ಟೇ ಅಗತ್ಯ. ಸುಲಭವಾಗಿ ಸಿಗುವ ಎದುರಾಳಿಯೆಂದರೆ ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್. ಅದು ಉಚಿತ, ಆಂಡ್ರಾಯ್ಡ್‌ನಲ್ಲಿ ಡ್ರಾಯ್ಡ್‌ಫಿಶ್ ಎಂಬ ಆ್ಯಪಿನ ಮೂಲಕ ಆಡಿಸಬಹುದು. ಅದರ ಬಲವನ್ನು ಎಲೋ ಅಂಕಿಯಲ್ಲಿ ಮಿತಿಗೊಳಿಸುವ ಸೌಲಭ್ಯವಿದ್ದು, ಇತ್ತೀಚಿನ ಆವೃತ್ತಿಗಳಲ್ಲಿ ಈ ಮಿತಿಯನ್ನು 1320ರಿಂದ 3190ರವರೆಗೆ ಎಲ್ಲಿ ಬೇಕಾದರೂ ಇಡಬಹುದು. ಆದರೆ ಈ ಅಂಕಿಗಳನ್ನು ಹೊಂದಿಸಿರುವುದು ಕಂಪ್ಯೂಟರ್ ಪ್ರೋಗ್ರಾಂಗಳು ಪರಸ್ಪರ ಆಡುವ ರೇಟಿಂಗ್ ಪಟ್ಟಿಗೆ, ಅದೂ ಆಟಕ್ಕೆ ಎರಡು ನಿಮಿಷ ಮತ್ತು ನಡೆಗೆ ಒಂದು ಸೆಕೆಂಡ್ ಸೇರುವ ಸಮಯದಲ್ಲಿ. ಫಿಡೆ ಪಟ್ಟಿ ಬೇರೆ, ಈ ಪಟ್ಟಿ ಬೇರೆ. ಒಂದರ 1800 ಇನ್ನೊಂದರ 1800 ಅಲ್ಲ. ಬಂದ ಉತ್ತರದ ಪಕ್ಕದಲ್ಲಿ "ಪ್ರೋಗ್ರಾಂ ಪಟ್ಟಿಯಂತೆ" ಎಂದು ಬರೆದುಕೊಳ್ಳುವುದನ್ನು ಎಂದೂ ಬಿಡಬಾರದು.

ಆಟ ಆರಂಭಿಸುವ ಮುನ್ನ ಎರಡೂ ಫೋನುಗಳನ್ನು ಸಿದ್ಧಗೊಳಿಸಬೇಕು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಒಂದೇ ಪ್ರೋಗ್ರಾಂಗೆ ಇಮ್ಮಡಿ ವೇಗ ಸಿಕ್ಕರೆ, ಕಡಿಮೆ ಸಮಯದ ಆಟಗಳಲ್ಲಿ ಅದರ ಬಲ ಸುಮಾರು 50ರಿಂದ 70 ಪಾಯಿಂಟ್‌ಗಳಷ್ಟು ಏರುತ್ತದೆ. ವೇಗ ಅರ್ಧಕ್ಕೆ ಇಳಿದರೆ ಅಷ್ಟೇ ಕುಸಿಯುತ್ತದೆ. ಫೋನು ಬಿಸಿಯಾದಾಗ ಅದರ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ನಿಧಾನವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕಿಟಕಿಯ ಪಕ್ಕ ಫೋನಿಟ್ಟು, ಚಾರ್ಜಿಂಗ್ ಕೂಡ ಹಾಕಿ ಆಡಿಸಿದರೆ, ಮೊದಲ ಆಟದಲ್ಲಿ ಇದ್ದ ಪ್ರೋಗ್ರಾಂ ಐದನೆಯ ಆಟದಲ್ಲಿ ಇರುವುದಿಲ್ಲ. ಆದ್ದರಿಂದ ಬೆಳಗಿನ ಹೊತ್ತು ಅಥವಾ ರಾತ್ರಿ ಆಡಿಸುವುದು, ಫೋನಿನ ಕವಚ ತೆಗೆಯುವುದು, ಆಟಗಳ ನಡುವೆ ಸ್ವಲ್ಪ ಬಿಡುವು ಕೊಡುವುದು ಅಗತ್ಯ. ಡ್ರಾಯ್ಡ್‌ಫಿಶ್‌ನಂಥ ಆ್ಯಪಿನಲ್ಲಿ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸ್ಥಿತಿಗಳನ್ನು ಪರಿಶೀಲಿಸುತ್ತಿದೆ ಎಂಬ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಆರಂಭಕ್ಕಿಂತ ಅದು ಗಣನೀಯವಾಗಿ ಇಳಿದಿದ್ದರೆ ಅಲ್ಲಿಗೇ ನಿಲ್ಲಿಸಿ ಫೋನು ತಣ್ಣಗಾಗುವವರೆಗೆ ಕಾಯಬೇಕು. ಬ್ಯಾಟರಿ ಉಳಿಸುವ ಮೋಡ್ ಆಫ್ ಆಗಿರಲಿ, ಹಿನ್ನೆಲೆಯಲ್ಲಿ ಬೇರೆ ಆ್ಯಪ್‌ಗಳು ಓಡದಿರಲಿ. ಎದುರಾಳಿಯ ಸಮಯದಲ್ಲೂ ಯೋಚಿಸುವ ಸೌಲಭ್ಯವನ್ನು ಎರಡೂ ಕಡೆ ಆಫ್ ಮಾಡಬೇಕು. ಎರಡು ಪ್ರೋಗ್ರಾಂಗಳನ್ನೂ ಒಂದೇ ಫೋನಿನಲ್ಲಿ ಓಡಿಸುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಒಂದು ಯೋಚಿಸುತ್ತಿರುವಾಗ ಇನ್ನೊಂದು ಅದರ ಪ್ರೊಸೆಸರ್ ಪಾಲನ್ನು ಕಬಳಿಸುತ್ತದೆ.

ಸಮಯದ ವಿಷಯದಲ್ಲಿ, ಕೈಯಿಂದ ನಡೆಗಳನ್ನು ಎರಡೂ ಫೋನುಗಳಿಗೆ ಒತ್ತುತ್ತಾ ಹೋಗುವವರಿಗೆ ನಡೆಗೆ ಇಂತಿಷ್ಟು ಸೆಕೆಂಡ್ ಎಂಬ ನಿಯಮವೇ ಅನುಕೂಲ. ನಡೆಗೆ 10 ಸೆಕೆಂಡ್ ಇಟ್ಟರೆ 60 ನಡೆಗಳ ಒಂದು ಆಟ ಸುಮಾರು 20 ನಿಮಿಷದಲ್ಲಿ ಮುಗಿಯುತ್ತದೆ.

ಆರಂಭದ ನಡೆಗಳ ಬಗ್ಗೆ ಅನೇಕರು ಯೋಚಿಸುವುದೇ ಇಲ್ಲ. ಒಂದೇ ಸ್ಥಿತಿಗೆ ಯಾವಾಗಲೂ ಒಂದೇ ಉತ್ತರ ಕೊಡುವ ಪ್ರೋಗ್ರಾಂಗಳಿವೆ; ಅಂಥವುಗಳ ನಡುವೆ ಹತ್ತು ಆಟ ಆಡಿಸಿದರೆ ಹತ್ತೂ ಒಂದೇ ಆಟವಾಗಿ, ಹತ್ತು ಗೆಲುವು ಒಂದೇ ಗೆಲುವಿನಷ್ಟು ಬೆಲೆಯದಾಗುತ್ತದೆ. ಅದಕ್ಕಾಗಿ ಓಪನಿಂಗ್ ಬುಕ್ (ಆರಂಭದ ನಡೆಗಳ ಸಿದ್ಧ ಸಂಗ್ರಹ) ಆಫ್ ಮಾಡಿ, ನಾವೇ ಬೇರೆ ಬೇರೆ ಆರಂಭಗಳನ್ನು ಆರಿಸಿಕೊಂಡು, ನಾಲ್ಕೈದು ನಡೆಗಳ ನಂತರದ ಸ್ಥಿತಿಯಿಂದ ಆಟ ಬಿಡಬೇಕು: ಸಿಸಿಲಿಯನ್, ಫ್ರೆಂಚ್, ಇಟಾಲಿಯನ್, ಕ್ವೀನ್ಸ್ ಗ್ಯಾಂಬಿಟ್, ಹೀಗೆ. ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಬೇಕು. ಬಿಳಿ ಕಾಯಿಗಳಿಗೆ ಸಹಜವಾಗಿಯೇ ಸ್ವಲ್ಪ ಮೇಲುಗೈ ಇರುವುದರಿಂದ, ಹೀಗೆ ಮಾಡದಿದ್ದರೆ ಆ ಮೇಲುಗೈಯೂ ಪ್ರೋಗ್ರಾಂನ ಲೆಕ್ಕಕ್ಕೇ ಸೇರಿಬಿಡುತ್ತದೆ.

ಎದುರಾಳಿಯ ಮಟ್ಟವನ್ನು ಆರಿಸಲು ಮೊದಲು ನಾಲ್ಕಾರು ಆಟಗಳನ್ನು ಪರೀಕ್ಷೆಗೆಂದು ಆಡಿಸಿ. ನಿಮ್ಮ ಪ್ರೋಗ್ರಾಂ ಎಲ್ಲ ಆಟಗಳನ್ನೂ ಗೆದ್ದರೆ ಎದುರಾಳಿಯ ಮಿತಿಯನ್ನು 200 ಏರಿಸಿ, ಎಲ್ಲವನ್ನೂ ಸೋತರೆ 200 ಇಳಿಸಿ. ಎಲ್ಲ ಆಟಗಳನ್ನೂ ಗೆದ್ದ ಫಲಿತಾಂಶದಿಂದ ಅಂತರ ಎಷ್ಟೆಂದು ಹೇಳಲು ಬರುವುದೇ ಇಲ್ಲ, ಶೇ. 30ರಿಂದ 70ರೊಳಗೆ ಅಂಕ ಬರುವ ಎದುರಾಳಿಯೇ ಅಳತೆಗೆ ತಕ್ಕವನು. 2009ರಲ್ಲಿ ಬ್ಯೂನಸ್ ಐರಿಸ್‌ನ ಕೋಪಾ ಮೆರ್ಕೋಸುರ್ ಟೂರ್ನಿಯಲ್ಲಿ ಪಾಕೆಟ್ ಫ್ರಿಟ್ಜ್ 4 ಎಂಬ ಪ್ರೋಗ್ರಾಂ ಒಂದು ಎಚ್‌ಟಿಸಿ ಫೋನಿನ ಮೇಲೆ ಓಡಿ, ಸೆಕೆಂಡಿಗೆ 20,000ಕ್ಕಿಂತ ಕಡಿಮೆ ಸ್ಥಿತಿಗಳನ್ನಷ್ಟೇ ನೋಡುತ್ತಾ 10 ಆಟಗಳಲ್ಲಿ 9.5 ಅಂಕ ಪಡೆಯಿತು. ಅದರ ಪ್ರದರ್ಶನದ ರೇಟಿಂಗ್ (ಆ ಟೂರ್ನಿಯ ಫಲಿತಾಂಶವೊಂದರಿಂದಲೇ ಲೆಕ್ಕ ಹಾಕಿದ ಬಲ) 2898 ಎಂದು ದಾಖಲಾಗಿದೆ. ಅದ್ಭುತ ಸಾಧನೆಯೇ ಸರಿ, ಆದರೆ ಅಳತೆಯಾಗಿ ನೋಡಿದರೆ ಆ ಅಂಕಿಯನ್ನು ಬಿಗಿಯಾಗಿ ಹಿಡಿಯುವಂತಿಲ್ಲ: ಇನ್ನೊಂದು ಆಟ ಡ್ರಾ ಆಗಿದ್ದರೂ ಅದು ನೂರಕ್ಕೂ ಹೆಚ್ಚು ಪಾಯಿಂಟ್ ಇಳಿಯುತ್ತಿತ್ತು. ಇಂದಿನ ಫೋನುಗಳು ಅದಕ್ಕಿಂತ ಅನೇಕ ಪಟ್ಟು ವೇಗವಾಗಿವೆ. ಹಾಗಾಗಿ ಪೂರ್ಣ ಬಲದ ಪ್ರೋಗ್ರಾಂ ಅನ್ನು ಮನುಷ್ಯರ ಎದುರು ಅಳೆಯಲು ಹೋಗುವುದು ವ್ಯರ್ಥ. ಮಿತಿಗೊಳಿಸಿದ ಲೆವೆಲ್‌ಗಳನ್ನೇ ಅಳೆಯಬೇಕು.

ಇನ್ನು ಲೆಕ್ಕ. ಪ್ರೋಗ್ರಾಂ ಗಳಿಸಿದ ಅಂಕವನ್ನು ಎದುರಾಳಿ ಗಳಿಸಿದ ಅಂಕದಿಂದ ಭಾಗಿಸಿ, ಬಂದ ಸಂಖ್ಯೆಯ ಲಾಗ್ ಅನ್ನು ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಹತ್ತರ ಆಧಾರದ ಮೇಲೆ ತೆಗೆದು, 400ರಿಂದ ಗುಣಿಸಿದರೆ ಅಂತರ ಸಿಗುತ್ತದೆ. ಉದಾಹರಣೆಗೆ, 1800ಕ್ಕೆ ಮಿತಿಗೊಳಿಸಿದ ಸ್ಟಾಕ್‌ಫಿಶ್ ಎದುರು 40 ಆಟಗಳಲ್ಲಿ ನಿಮ್ಮ ಪ್ರೋಗ್ರಾಂ 19 ಗೆದ್ದು, 10 ಡ್ರಾ ಮಾಡಿ, 11 ಸೋತಿದೆ ಎನ್ನಿ. ಅದರ ಅಂಕ 24, ಎದುರಾಳಿಯದು 16. 24 ಭಾಗಿಸು 16 ಎಂದರೆ 1.5, ಅದರ ಲಾಗ್ 0.176, 400ರಿಂದ ಗುಣಿಸಿದರೆ 70. ಹೀಗೆ ಅಂದಾಜು 1870. ಇಲ್ಲಿಗೇ ನಿಲ್ಲಿಸುವವರು ಅರ್ಧ ಕೆಲಸ ಮಾಡಿದಂತೆ. ನಲವತ್ತೇ ಆಟಗಳಲ್ಲಿ ಅದೃಷ್ಟದ ಪಾಲು ದೊಡ್ಡದಿರುತ್ತದೆ. ಇದೇ ಫಲಿತಾಂಶಕ್ಕೆ ಸಂಖ್ಯಾಶಾಸ್ತ್ರದ ರೂಢಿಯ ಶೇ. 95ರ ಭರವಸೆಯ ಮಿತಿ ಹಾಕಿದರೆ ನಿಜವಾದ ಬಲ ಸರಿಸುಮಾರು 1775ರಿಂದ 1975ರ ನಡುವೆ ಎಲ್ಲಿಯೂ ಇರಬಹುದು. ಈ ಅಗಲವನ್ನು ಅರ್ಧಕ್ಕೆ ಇಳಿಸಲು ಆಟಗಳ ಸಂಖ್ಯೆಯನ್ನು ನಾಲ್ಕು ಪಟ್ಟು, ಅಂದರೆ 160ಕ್ಕೆ, ಏರಿಸಬೇಕು. ಐದಾರು ಆಟ ನೋಡಿ "ಈ ಆ್ಯಪ್ ಆ ಆ್ಯಪಿಗಿಂತ 50 ಪಾಯಿಂಟ್ ಮೇಲು" ಎಂದು ಹೇಳುವ ಮಾತಿಗೆ ಆಧಾರವಿಲ್ಲ.

ಫಿಡೆ ಅಂಕಿಯೇ ಬೇಕೆನ್ನುವವರಿಗೆ ಮನುಷ್ಯರೊಂದಿಗೆ ಆಡಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ರೇಟಿಂಗ್ ಇರುವ ಹಲವರನ್ನು ಕೇಳಿಕೊಂಡು, ಪ್ರತಿಯೊಬ್ಬರೂ ಎರಡೂ ಬಣ್ಣಗಳಲ್ಲಿ, ನಡೆ ಹಿಂಪಡೆಯದೆ, ಗಡಿಯಾರ ಇಟ್ಟು ಆಡುವಂತೆ ನೋಡಿಕೊಳ್ಳಬೇಕು. ರ‍್ಯಾಪಿಡ್ (ಒಬ್ಬರಿಗೆ ಒಂದು ಗಂಟೆಗಿಂತ ಕಡಿಮೆ) ಸಮಯದಲ್ಲಿ ಆಡಿದರೆ ಅವರ ರ‍್ಯಾಪಿಡ್ ರೇಟಿಂಗ್‌ನ ಸರಾಸರಿಯನ್ನೇ ತೆಗೆದುಕೊಂಡು ಮೇಲಿನ ಲೆಕ್ಕವನ್ನೇ ಮಾಡಬೇಕು. ಕ್ಲಾಸಿಕಲ್ (ದೀರ್ಘ ಸಮಯದ ಆಟದ) ಅಂಕಿಯನ್ನು ಅಲ್ಲಿಗೆ ತರಬಾರದು. 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿನ ಕ್ಲಾಸಿಕಲ್ ರೇಟಿಂಗ್‌ಗಳನ್ನು ಒಮ್ಮೆಗೇ ಏರಿಸಿ, 2000ಕ್ಕೆ ಇದ್ದ ಕೊರತೆಯ ಶೇ. 40ರಷ್ಟನ್ನು ಸೇರಿಸಿತು, ಅಂದು 1500 ಇದ್ದವರು 1700 ಆದರು. ಅದಕ್ಕೆ ಮೊದಲಿನ ಹೋಲಿಕೆಗಳನ್ನು ಈಗ ಹಾಗೆಯೇ ಬಳಸುವಂತಿಲ್ಲ. ಮಿತಿಗೊಳಿಸಿದ ಪ್ರೋಗ್ರಾಂಗಳು ಇಪ್ಪತ್ತು ನಡೆ ಪ್ರೌಢವಾಗಿ ಆಡಿ ಇದ್ದಕ್ಕಿದ್ದಂತೆ ಕುದುರೆಯನ್ನು ಬಿಟ್ಟುಕೊಡುವುದುಂಟು. ಅದೇ ಮಟ್ಟದ ಮನುಷ್ಯ ಸಾಮಾನ್ಯವಾಗಿ ಹೀಗೆ ತಪ್ಪುವುದಿಲ್ಲ. ಈ ಗುಣವನ್ನು ಅರಿತ ಆಟಗಾರ ಸುಮ್ಮನೆ ಕಾದು ಕುಳಿತೇ ಗೆಲ್ಲಬಲ್ಲನಾದ್ದರಿಂದ, ಒಬ್ಬರೇ ಆಟಗಾರರ ಫಲಿತಾಂಶವನ್ನು ನೆಚ್ಚಬಾರದು.

ಆಟವಾಡಿಸದೆ, ಒಗಟಿನ ಸ್ಥಿತಿಗಳನ್ನು ಕೊಟ್ಟು ಅಳೆಯುವ ವಿಧಾನವೂ ಹಳೆಯದೇ. 24 ಸ್ಥಿತಿಗಳ ಬ್ರಾಟ್ಕೋ–ಕೋಪೆಕ್ ಪರೀಕ್ಷೆ ಇದಕ್ಕೆ ಪ್ರಸಿದ್ಧ. ಪ್ರೋಗ್ರಾಂ ತೀರಾ ದುರ್ಬಲವೋ ಅಲ್ಲವೋ ಎಂದು ಬೇಗ ತಿಳಿಯಲು ಅದು ಸಾಕು, ರೇಟಿಂಗ್ ಹೇಳಲು ಸಾಲದು.

ನೋಟ್‌ಬುಕ್ಕಿನಲ್ಲಿ ಆ್ಯಪಿನ ಹೆಸರು ಮತ್ತು ಆವೃತ್ತಿ, ಫೋನಿನ ಮಾದರಿ, ನಡೆಯ ಸಮಯ, ಎದುರಾಳಿಯ ಮಿತಿ, ಗೆಲುವು–ಡ್ರಾ–ಸೋಲು, ಬಂದ ಅಂದಾಜು ಮತ್ತು ಅದರ ಮೇಲಿನ ಕೆಳಗಿನ ಮಿತಿಗಳನ್ನು ಬರೆದಿಡಿ. ಪ್ಲೇ ಸ್ಟೋರ್ ಆ್ಯಪ್‌ಗಳನ್ನು ನಮಗೆ ತಿಳಿಯದಂತೆಯೇ ಅಪ್‌ಡೇಟ್ ಮಾಡುವುದರಿಂದ, ಅಳತೆ ಮುಗಿಯುವವರೆಗೆ ಸ್ವಯಂಚಾಲಿತ ಅಪ್‌ಡೇಟ್ ಆಫ್ ಮಾಡಿಡಬೇಕು. 2020ರಲ್ಲಿ ಸ್ಟಾಕ್‌ಫಿಶ್ 12ಕ್ಕೆ ನರಜಾಲದ (ನ್ಯೂರಲ್ ನೆಟ್‌ವರ್ಕ್) ಮೂಲಕ ಸ್ಥಿತಿಗಳ ಮೌಲ್ಯಮಾಪನ ಸೇರಿದಾಗ ಒಂದೇ ಆವೃತ್ತಿಯಲ್ಲಿ ಅದರ ಬಲ ಬಹಳ ಏರಿತು. ಆವೃತ್ತಿ ಬದಲಾದ ದಿನ ಹಳೆಯ ಅಂಕಿಯ ಕೆಳಗೆ ಗೆರೆ ಎಳೆದು, ಆಟಗಳನ್ನು ಮೊದಲಿನಿಂದ ಆಡಿಸಬೇಕು.